ಅಳತೆಯ ಜಂಪರು

“ಅವ್ವಾ, ಹೆಸರು ಬದಲಿಸಿದೆ, ಬಟ್ಟೆ ಬದಲಿಸಿದೆ, ಉಣ್ಣುವ ತಟ್ಟೆಯನ್ನೂ ಬದಲಿಸಿದೆ. ಆದರೂ ಗೇಟಿನಿಂದ ಆ ಒಂದು ದನಿ ಕೇಳಿದರೆ ನನ್ನೊಳಗಿಂದ ಹಳೆಯವನೇ ಎದ್ದು ಬರುತ್ತಾನೆ. ಇದು ಏಕೆ?”

ಕೇಳಿದವನು ವಿರಕ್ತಾನಂದ. ಗುಡ್ಡದ ಮಠಕ್ಕೆ ಬರುವ ಮೊದಲು ಅವನು ಕರೆಂಟು ಕಂಬ ಹತ್ತುವ ಲೈನ್‌ಮ್ಯಾನ್ ಆಗಿದ್ದ. ಹೆಂಡತಿ ಇದ್ದಳು, ಒಬ್ಬ ಮಗಳಿದ್ದಳು. ಒಂದು ದಿನ ಎಲ್ಲ ಸಾಕೆಂದು ಕಂಬದಿಂದ ಇಳಿದವನು ಮನೆಗೆ ಹೋಗದೆ ಇಲ್ಲಿಗೆ ಬಂದ. ದೊಡ್ಡ ಸ್ವಾಮಿಗಳೊಬ್ಬರು ಕಾವಿ ಕೊಟ್ಟು ಈ ಹೆಸರಿಟ್ಟು ಹೋದರು. ಹೆಂಡತಿ ಪ್ರತಿ ಸೋಮವಾರ ಬಂದು ಗೇಟಿನ ಹೊರಗೆ ನಿಲ್ಲುತ್ತಾಳೆ. ಗಂಡನ ಹೆಸರನ್ನು ಬಾಯಲ್ಲಿ ತರುವವಳಲ್ಲ, ಹಳೆಯದನ್ನೂ ಇಲ್ಲ, ಹೊಸದನ್ನೂ ಇಲ್ಲ. “ರೀ” ಎನ್ನುತ್ತಾಳೆ. ಅಷ್ಟೇ. ಸ್ವಲ್ಪ ಹೊತ್ತು ಕಾದು ಹೋಗುತ್ತಾಳೆ. ಅವನು ಹೊರಗೆ ಬರುವುದಿಲ್ಲ.

ಅವತ್ತೂ ಸೋಮವಾರವೇ. ಬಿಸಿಲು ಇಳಿಯುತ್ತ ಬಂದಿತ್ತು. ದನಿ ಇನ್ನೂ ಬಂದಿರಲಿಲ್ಲ.

ಮಠದ ಹಿರಿಯಳು ಚಿನ್ನವ್ವ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮಠ ಸೇರುವ ಮೊದಲು ಮನೆಮನೆ ತಿರುಗಿ ಬಳೆ ತೊಡಿಸಿದವಳು. ಅವಳ ಓದು ತನ್ನ ಹೆಸರು ಬರೆಯುವಷ್ಟು. ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂಬುದಕ್ಕೆ ಓದು ಬೇಕಾಗಲಿಲ್ಲ.

“ಪುಸ್ತಕದಂಗ ಮಾತಾಡಬ್ಯಾಡ ತಮ್ಮಾ. ನಿನ್ನ ಹೆಸರು ಕೂಗಿ ಮುಗಿಸೋದ್ರಾಗ ರೊಟ್ಟಿ ಆರತಾವು, ಅದ ಸಾಕು. ಈಗ ಏನು, ನಿನ್ನೊಳಗ ಏನೋ ಕೆಟ್ಟೈತಿ ಅಂತಿ?”

“ಕೆಟ್ಟೈತಿ ಅವ್ವಾ. ಸರಿ ಮಾಡ್ಕೋಬೇಕು.”

“ಹಂಗಾದ್ರ ಸಿಂಪಿಗನ ಕಂಪ್ಯೂಟರಿನ ಸುದ್ದಿ ಕೇಳು. ಕಾಯಿ ಸುಲೀತಾ ಕೇಳು, ಸುಮ್ನ ಕೂರಬ್ಯಾಡ.”

ಅವಳು ಹೇಳಿದ ಕತೆ ಇದು.

ಒಂದು ಪೇಟೆಯಲ್ಲಿ ಒಬ್ಬ ಸಿಂಪಿಗನಿದ್ದ. ಅವನ ಹೆಸರು ಬೇಡ. ಹೇಳಿದರೆ ಅವನ ಬೀಗರು ನಾಳೆ ಬೆಳಗ್ಗೆಯೇ ಮಠದ ಕಟ್ಟೆಯ ಮೇಲೆ ಬಂದು ಕೂರುತ್ತಾರೆ, ಅವರಿಗೆ ಚಹಾ ಬೇರೆ ಕೊಡಬೇಕು.

ಅವನ ಕೈ ಒಳ್ಳೆಯದು. ಪೇಟೆಯ ಹೆಂಗಸರು ತವರಿಗೆ ಹೋಗುವಾಗ ಸೀರೆಯ ಮೇಲೆ ಅವನು ಹೊಲಿದ ಜಂಪರನ್ನೇ ತೊಟ್ಟು ಹೋಗುತ್ತಿದ್ದರು, ಅತ್ತಿಗೆ ನಾದಿನಿಯರು ಹೊಟ್ಟೆ ಉರಿದುಕೊಳ್ಳಲಿ ಎಂದು. ಆದರೆ ಅವನು ಟೇಪು ಹಿಡಿದು ಮೈ ಅಳೆಯುವವನಲ್ಲ. ಅದು ಅವರಪ್ಪನ ಕಾಲದಿಂದ ಬಂದ ಪದ್ಧತಿ. ತನಗೆ ಸರಿಯಾಗಿ ಕೂರುವ ಹಳೆಯ ಜಂಪರೊಂದನ್ನು ಪ್ರತಿ ಹೆಂಗಸೂ ತಂದು ಕೊಡಬೇಕು. ಅದಕ್ಕೆ ಅಳತೆಯ ಜಂಪರು ಎನ್ನುತ್ತಾರೆ. ಅದನ್ನು ಹೊಸ ಬಟ್ಟೆಯ ಮೇಲೆ ಹರಡಿ, ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದು, ಕತ್ತರಿ ಹಾಕುತ್ತಿದ್ದ. ಹಳೆಯದರಿಂದ ಹೊಸದನ್ನು ತೆಗೆಯುವುದು ಅವನ ಕಸುಬು. ಬೇರೆ ದಾರಿ ಅವನಿಗೆ ಗೊತ್ತಿರಲಿಲ್ಲ.

ಅವನ ಹೆಂಡತಿ ವತ್ಸಲಾ ಚುರುಕು ಹೆಣ್ಣು. ಮದುವೆಯಾಗಿ ಬಂದವಳೇ ಕಂಪ್ಯೂಟರ್ ಕಲಿಯಲು ಹೊರಟಳು. ಗಂಡಸರು ಕಲಿಸುವ ಕ್ಲಾಸಿಗೆ ಸೊಸೆ ಹೋಗುತ್ತಾಳೆ ಎಂದು ಓಣಿಯೆಲ್ಲ ಬಾಯಿ ಬಡಿದುಕೊಂಡಿತು. ಅವಳು ಕಲಿತಳು. ಕಸೂತಿ ಹಾಕುವ ಮಷಿನ್ ತರಿಸಿದಳು. ಕಂಪ್ಯೂಟರಿನಲ್ಲಿ ಡಿಸೈನ್ ಬರೆದು ಮಷಿನ್ನಿಗೆ ಕೊಟ್ಟರೆ ಸೂಜಿ ತಾನೇ ಓಡಾಡಿ ನವಿಲು ಹಾಕುತ್ತಿತ್ತು. ಬಾಯಿ ಬಡಿದುಕೊಂಡ ಅದೇ ಓಣಿ ಆಮೇಲೆ ಸಾಲಾಗಿ ನಿಂತು ತೋಳಿನ ಮೇಲೆ ನವಿಲು ಹಾಕಿಸಿಕೊಂಡಿತು. ಅಂಗಡಿಗೆ ಅವಳ ಹೆಸರಿನ ಬೋರ್ಡು ಬಂತು. ಸಿಂಪಿಗ ಬೋರ್ಡನ್ನು ದಿನಾ ಬೆಳಗ್ಗೆ ಬಟ್ಟೆಯಿಂದ ಒರೆಸುತ್ತಿದ್ದ. ಹೆಂಡತಿಗೆ ಹೆದರುತ್ತಾನೆ ಎಂದರು ಜನ. ಹೆದರಿಕೆಯಲ್ಲ. ಅವನಿಗೆ ಅವಳೆಂದರೆ ಅಷ್ಟು ಇಷ್ಟ.

ಅವಳಿಗೆ ಜ್ವರ ಬಂತು. ಇಳಿಯಲಿಲ್ಲ. ಹೋದಳು.

ಸಿಂಪಿಗ ಅಳಲಿಲ್ಲ. ಅಂಗಡಿ ತೆಗೆದು ಕೂತ. ಗಿರಾಕಿ ಬಂದರೆ ಅಳತೆಯ ಜಂಪರು ಇಸಿದುಕೊಳ್ಳುವನು, ಮಾತಿಲ್ಲ. ಮಧ್ಯಾಹ್ನ ಹೊತ್ತು ಕಂಪ್ಯೂಟರ್ ಹಚ್ಚಿ, ಅವಳು ಕೂರುತ್ತಿದ್ದ ಸ್ಟೂಲಿನ ಪಕ್ಕದಲ್ಲಿ ನಿಂತು ನೋಡುವನು. ಪರದೆಯ ಮೂಲೆಯಲ್ಲಿ ಅವಳು ಇಟ್ಟ ಒಂದು ಚಿಕ್ಕ ಚಿತ್ರ. ಅದನ್ನು ಒತ್ತಿದರೆ ಪ್ರೋಗ್ರಾಂ ಏಳುತ್ತದೆ, ಎದ್ದ ಕೂಡಲೇ ಅವಳು ಬರೆದ ಮೊದಲ ನವಿಲು ಕಾಣುತ್ತದೆ. ಒತ್ತುವನು. ನೋಡುವನು. ಮುಚ್ಚುವನು.

ಅವನ ತಾಯಿಗೆ ಇದು ಸೇರಲಿಲ್ಲ. ವರ್ಷದ ಎಡೆ ಇಡುವ ಮೊದಲೇ ಇನ್ನೊಂದು ಹೆಣ್ಣು ತಂದಳು. ತಾಯಿಯಿಲ್ಲದ ಹುಡುಗಿ, ಸೋದರಮಾವನ ಮನೆಯಲ್ಲಿ ಬೆಳೆದವಳು. ಕೊಟ್ಟರೆ ಸಾಕೆಂದು ಮಾವನಿದ್ದ. ಎರಡನೆಯ ಸಂಬಂಧಕ್ಕೆ ಇನ್ನೆಂಥ ಹೆಣ್ಣು ಸಿಗುತ್ತದೆ?

ಆ ಮನೆತನದಲ್ಲಿ ಒಂದು ರೂಢಿ. ಸೊಸೆ ಒಳಗೆ ಬಂದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡನು ಉಂಗುರದ ಬೆರಳಿನಿಂದ ಅದರ ಮೇಲೆ ಅವಳಿಗೆ ಹೊಸ ಹೆಸರು ಬರೆಯಬೇಕು. ಸಿಂಪಿಗ ಬೆರಳು ಎತ್ತಿದ. ಯಾವ ಹೆಸರು ಎಂದು ತಾಯಿಯ ಮುಖ ನೋಡಿದ.

“ವತ್ಸಲಾ ಅಂತ ಬರಿ,” ಎಂದಳು ತಾಯಿ. “ಬೋರ್ಡ್ ಹೆಂಗೂ ಐತಿ.”

ನೆರೆದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೋರ್ಡು ಬದಲಿಸುವುದಕ್ಕಿಂತ ಸೊಸೆಯನ್ನು ಬದಲಿಸುವುದು ಸಲೀಸು ಎಂದು ಒಬ್ಬಳು ಸೆರಗಿನೊಳಗೇ ನಕ್ಕಳು. ಆ ನಗೆ ಸಾಯಂಕಾಲದೊಳಗೆ ಪೇಟೆಯೆಲ್ಲ ತಿರುಗಿ ಬಂತು. ಸಿಂಪಿಗನಿಗೆ ಅದು ಕೇಳಿಸಲಿಲ್ಲ. ಅವನು ಬರೆದ. ಅವನ ಬೆರಳಿಗೆ ಆ ಹೆಸರು ರೂಢಿ. ಇನ್ನು ಮುಂದೆ ಆ ಹೆಸರನ್ನು ಮನೆಯೊಳಗೆ ಮತ್ತೆ ಕೂಗಬಹುದು ಎನಿಸಿ ಅವನ ಎದೆ ಹಗುರಾಯಿತು. ಅಕ್ಕಿಯ ತಟ್ಟೆಯ ಆಚೆ ನಿಂತವಳನ್ನು ಅವನು ತಲೆಯೆತ್ತಿ ನೋಡಲಿಲ್ಲ.

ಅವಳ ತವರಿನ ಹೆಸರು ಯಮುನಾ. ಲಗ್ನಪತ್ರಿಕೆಯಲ್ಲಿ ಅಚ್ಚಾಗಿತ್ತು. ಅವತ್ತಿನಿಂದ ಅದನ್ನು ಯಾರೂ ಆಡಲಿಲ್ಲ. ಮಾವ ಒಮ್ಮೆ ಬಂದು ಉಂಡು ಹೋದವನು ಮತ್ತೆ ಬರಲಿಲ್ಲ.

ಅವಳಿಗೆ ಜಂಪರು ಬೇಕಾಯಿತು. ಸಿಂಪಿಗನ ಪೆಟ್ಟಿಗೆಯಲ್ಲಿ ವತ್ಸಲಾಳ ಅಳತೆಯ ಜಂಪರು ಇತ್ತು. ಅದನ್ನೇ ಹರಡಿ ಕತ್ತರಿಸಿದ. ವತ್ಸಲಾ ಸಣ್ಣ ಮೈಯವಳು. ಇವಳ ಹೆಗಲು ಅಗಲ, ನೀರು ಹೊತ್ತು ಬೆಳೆದ ಹೆಗಲು. ತೋಳು ಬಿಗಿಯಾಯಿತು. ಅವಳು ಹೇಳಲಿಲ್ಲ. ಮುಂದಿನ ಹಬ್ಬಕ್ಕೆ ಮತ್ತೊಂದು ಹೊಲಿದ, ಅದೇ ಅಳತೆ. ಅವಳು ಹೇಳಲಿಲ್ಲ. ಬಳೆ ತೊಡಿಸಲು ಹೋದವರು ತೋಳು ಎತ್ತಿಸಿದರೆ ಕಂಕುಳಿನ ಹತ್ತಿರ ಕೆಂಪು ಗೆರೆ ಕಾಣುತ್ತಿತ್ತು.

“ಊರಿಗೆಲ್ಲ ಹೊಲೀತಾನ, ಹೇಣ್ತಿಗೆ ತೋಳು ಎತ್ತಾಕ ಆಗಂಗಿಲ್ಲ,” ಎಂದು ಬಾವಿಕಟ್ಟೆಯಲ್ಲಿ ನಕ್ಕರು. “ಹೇಳಬಾರದೇನ ಗಂಡಗ?” ಎಂದು ಒಬ್ಬಳು ಎದುರಿಗೇ ಕೇಳಿದಳು.

“ಜಂಪರ ಸರಿ ಐತ್ರಿ. ನಾನ ದಪ್ಪ ಆಗೇನಿ,” ಎಂದಳು ಅವಳು.

ಬಂದಾಗಿನಿಂದ ಅವಳು ದಪ್ಪ ಆದದ್ದನ್ನು ಯಾರೂ ಕಂಡಿರಲಿಲ್ಲ. ಬಡಕಲಾಗುತ್ತ ಹೋದದ್ದನ್ನು ಎಲ್ಲರೂ ಕಂಡಿದ್ದರು. ಜಂಪರು ಮಾತ್ರ ಹೆಗಲಿನಲ್ಲಿ ಬಿಗಿಯಾಗಿಯೇ ಇತ್ತು.

ಸಿಂಪಿಗ ಕೆಟ್ಟವನಲ್ಲ. ಹೊಡೆಯಲಿಲ್ಲ, ಬೈಯಲಿಲ್ಲ. ಕುಡಿತ ಇಲ್ಲ, ಬೇರೆ ಹೆಣ್ಣಿನ ಸುದ್ದಿ ಇಲ್ಲ. ಇದ್ದಿದ್ದರೆ ಪೇಟೆಯ ಬಾಯಿಗಾದರೂ ಒಂದು ಉಪಕಾರವಾಗುತ್ತಿತ್ತು. “ವತ್ಸಲಾ” ಎಂದು ಕರೆಯುತ್ತಿದ್ದ. ಅವಳು ಕೈ ಒರೆಸಿಕೊಂಡು ಓಡಿ ಬರುತ್ತಿದ್ದಳು. ಬಾಗಿಲಲ್ಲಿ ಅವಳನ್ನು ಕಂಡ ಕೂಡಲೇ ಅವನ ಮುಖ ಒಂದಿಷ್ಟು ಇಳಿಯುತ್ತಿತ್ತು. “ಏನಿಲ್ಲ, ಹೋಗು,” ಎನ್ನುತ್ತಿದ್ದ. ಕರೆಯುವಾಗ ಬೇರೆ ಯಾರೋ ಬರುತ್ತಾರೆ ಎಂದು ಅವನೊಳಗೆ ಒಂದು ಜೀವ ಕಾಯುತ್ತಿತ್ತು. ಬರುತ್ತಿದ್ದವಳು ಇವಳು. ಅವನು ಅದನ್ನು ಬೇಕೆಂದು ಮಾಡಲಿಲ್ಲ, ಮಾಡುತ್ತಿದ್ದೇನೆ ಎಂದು ಅವನಿಗೆ ಗೊತ್ತೂ ಇರಲಿಲ್ಲ. ಅವಳಿಗೆ ಗೊತ್ತಿತ್ತು. ದಿನಾ ಆ ಮುಖ ಇಳಿಯುವುದನ್ನು ನೋಡುತ್ತಿದ್ದವಳು ಅವಳೇ. ಆದರೂ ಮರುದಿನ ಕರೆದರೆ ಮತ್ತೆ ಓಡಿ ಬರುತ್ತಿದ್ದಳು.

ಹೀಗೆ ವರ್ಷಗಳು ಹೋದವು. ಅವಳು ನೋಡಿ ನೋಡಿಯೇ ಮಷಿನ್ ಕಲಿತಳು. ನವಿಲು ಹಾಕಿದಳು, ಬಳ್ಳಿ ಹಾಕಿದಳು. ಒಮ್ಮೆ ತನ್ನಷ್ಟಕ್ಕೆ ಜೋಳದ ತೆನೆಯೊಂದನ್ನು ಬರೆದು ತೋರಿಸಿದಳು. ಸಿಂಪಿಗ ನೋಡಿ, “ಚಲೋ ಐತಿ. ಆದ್ರ ಗಿರಾಕಿ ನವಿಲ ಕೇಳ್ತಾರ,” ಎಂದ. ಗಿರಾಕಿಗಳು ಕೇಳಿರಲಿಲ್ಲ. ಅವನಿಗೆ ನವಿಲು ಬೇಕಿತ್ತು.

ಹಳೆಯ ಮಷಿನ್ ಕೆಟ್ಟಿತು. ಹೊಸದು ಬಂತು. ಅದನ್ನು ಕೂರಿಸಲು ಬಂದವನು ಕಂಪ್ಯೂಟರಿಗೆ ಹೊಸ ಪ್ರೋಗ್ರಾಮನ್ನೂ ಹಾಕಿದ.

“ಹೊಸ ಮಷಿನ್ನಿಗೆ ಇದರಾಗ ಬರದದ್ದನ್ನ ಕೊಡಬೇಕ್ರಿ,” ಎಂದ. “ಹಳೇದರಾಗ ಬರದು ಕೊಟ್ರ ಸೂಜಿ ಎಲ್ಲೆಲ್ಲೋ ಹೊಕ್ಕೈತಿ. ಹಳೇದು ಅಳಿಸಿಬಿಡ್ಲೇನು?”

“ಬ್ಯಾಡ,” ಎಂದ ಸಿಂಪಿಗ. ವತ್ಸಲಾಳ ನವಿಲುಗಳೆಲ್ಲ ಅದರೊಳಗಿದ್ದವು.

ಬಂದವನು ಹೊಸದರ ಚಿತ್ರವನ್ನೂ ಪರದೆಯ ಮೇಲೆ ಇಟ್ಟು ಹೋದ. ಈಗ ಎರಡು ಚಿತ್ರಗಳಾದವು. ಎರಡರ ಕೆಳಗೂ ಒಂದೇ ಹೆಸರು. ಸಿಂಪಿಗನಿಗೆ ಅದು ಗಲಿಬಿಲಿಯಾಯಿತು. ಒಂದೇ ಹೆಸರಿನವು ಎರಡು ಯಾಕೆ ಎಂದು ಒಂದನ್ನು ಅಳಿಸಿದ. ಅಳಿಸಿದ್ದು ಹೊಸ ಚಿತ್ರವನ್ನು. ಮೂಲೆಯಲ್ಲಿದ್ದ ಹಳೆಯದಕ್ಕೆ ಅವನ ಕೈ ಹೋಗಲಿಲ್ಲ, ಅದು ವತ್ಸಲಾ ಇಟ್ಟದ್ದು. ಆಯುಧ ಪೂಜೆಯ ದಿನ ತಾಯಿ ಕುಂಕುಮ ಹಚ್ಚುತ್ತಿದ್ದುದೂ ಪರದೆಯ ಆ ಮೂಲೆಗೇ. ಹೊಸದಕ್ಕೂ ಆ ಚಿತ್ರವೇ ಸಾಕೆಂದು ಅದರ ಕೆಳಗಿನ ಹೆಸರು ಅಳಿಸಿ “ಹೊಸದು” ಎಂದು ಬರೆದ. ಕೆಲಸ ಮುಗಿಯಿತು ಅಂದುಕೊಂಡ.

ಒತ್ತಿದರೆ ಹಳೆಯದೇ ಎದ್ದಿತು. ಅದೇ ಮೊದಲ ನವಿಲು. ಅದನ್ನು ಕಂಡು ಅವನಿಗೆ ಅನುಮಾನ ಬರಲಿಲ್ಲ, ಸಂತೋಷ ಬಂತು.

ಕಿರಾಣಿ ವ್ಯಾಪಾರಿಯೊಬ್ಬನ ಮಗಳ ಮದುವೆಯ ಜಂಪರು ಅಂಗಡಿಯಲ್ಲಿತ್ತು. ಒಳ್ಳೆಯ ರೇಷ್ಮೆ. ಯಮುನಾ ಕಂಪ್ಯೂಟರ್ ಹಚ್ಚಿ, “ಹೊಸದು” ಎಂದಿದ್ದನ್ನು ಒತ್ತಿ, ನವಿಲು ಬರೆದು ಮಷಿನ್ನಿಗೆ ಕೊಟ್ಟಳು. ಸೂಜಿ ಅರ್ಧ ನವಿಲು ಹಾಕಿತು. ಆಮೇಲೆ ಕುತ್ತಿಗೆಯನ್ನು ಬಿಟ್ಟು ಪಕ್ಕಕ್ಕೆ ಜಾರಿತು. ಒಂದೇ ಕಡೆ ಕುಟ್ಟಿ ಕುಟ್ಟಿ ರೇಷ್ಮೆಯಲ್ಲಿ ತೂತು ಮಾಡಿತು. ತಲೆಯಿಲ್ಲದ ನವಿಲನ್ನು ತೋಳಿನ ಮೇಲೆ ಹೊತ್ತ ಜಂಪರನ್ನು ವ್ಯಾಪಾರಿಯ ಹೆಂಡತಿ ಪೇಟೆಯ ನಡುವೆ ಎತ್ತಿ ಹಿಡಿದು ತೋರಿಸಿದಳು. ಆ ಹೆಂಗಸಿಗೆ ಅಂಥ ಸುಖ ಮಗಳ ಮದುವೆಯಲ್ಲೂ ಸಿಕ್ಕಿರಲಿಕ್ಕಿಲ್ಲ.

ಸಿಂಪಿಗ ಕಂಪ್ಯೂಟರಿನ ಮುಂದೆ ಕೂತ. ಈಗ ಸರಿಯಾಗಿ ನೋಡಿದ. ಏಳುತ್ತಿರುವುದು ಹಳೆಯ ಪ್ರೋಗ್ರಾಮು ಎಂದು ತಿಳಿಯಿತು. ಯಾಕೆ ಎಂದು ತಿಳಿಯಲಿಲ್ಲ. ತನಗೆ ಗೊತ್ತಿದ್ದ ರೀತಿಯಲ್ಲಿ ಸರಿ ಮಾಡಲು ಹೊರಟ. ಮೂಲೆಯ ಚಿತ್ರವನ್ನು ನಕಲು ಮಾಡಿ ಪಕ್ಕದಲ್ಲಿ ಇಟ್ಟ, “ಹೊಸದು ಬೇರೆ” ಎಂದು ಬರೆದ. ಒತ್ತಿದ. ಹಳೆಯದು ಎದ್ದಿತು. ಆ ನಕಲನ್ನು ಮತ್ತೆ ನಕಲು ಮಾಡಿದ, ಬಣ್ಣ ಬದಲಿಸಿದ, ದೇವರ ಹೆಸರಿಟ್ಟ. ಒತ್ತಿದ. ಹಳೆಯದು ಎದ್ದಿತು. ಅಳತೆಯ ಜಂಪರು ಬದಲಾಗದೆ ಬಟ್ಟೆ ಎಷ್ಟು ಬದಲಿಸಿದರೇನು? ಆದರೆ ಅದು ಅವನಿಗೆ ಹೊಳೆಯಲಿಲ್ಲ. ಎದ್ದಾಗಲೆಲ್ಲ ಆ ನವಿಲು ಕಾಣುತ್ತಿತ್ತು. ಇದು ಸರಿಯಾಗದಿದ್ದರೂ ಇರಲಿ ಎಂದು ಅವನ ಮನಸ್ಸಿನ ಯಾವುದೋ ಮೂಲೆ ಹೇಳುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಅವನು ಹೇಳದಿದ್ದರೇನು, ಪೇಟೆ ಹೇಳಿತು. ಸತ್ತ ಹೆಂಡತಿ ಕಂಪ್ಯೂಟರಿನೊಳಗೆ ಕೂತಿದ್ದಾಳಂತೆ. ಎರಡನೆಯವಳ ಕೈ ತಗುಲಿದರೆ ಸೂಜಿ ಮುರಿಯುತ್ತಾಳಂತೆ. ನೋಡಿದವರಿದ್ದಾರಂತೆ. ರಾತ್ರಿ ಮಷಿನ್ ತಾನೇ ಓಡುವ ಸದ್ದು ಕೇಳಿದವರೂ ಹುಟ್ಟಿಕೊಂಡರು. ಅವರ ಮನೆ ಅಂಗಡಿಯಿಂದ ಎರಡು ಓಣಿ ಆಚೆ.

ಸಿಂಪಿಗನ ತಾಯಿ ಹಣ್ಣು ಕಾಯಿ ಹಿಡಿದು ಪ್ರಶ್ನೆ ಕೇಳಿಸಿ ಬಂದಳು. ಬಂದವಳೇ ಕಂಪ್ಯೂಟರಿಗೆ ಲಿಂಬೆಹಣ್ಣು ಕಟ್ಟಿದಳು. ಸೊಸೆಯ ಕಡೆ ತಿರುಗಿದಳು.

“ದೊಡ್ಡಾಕಿಗೆ ಸಮಾಧಾನ ಇಲ್ಲ. ಆಕಿ ಜಾಗಾದಾಗ ನೀ ಕೂಡೋದು ಆಕಿಗೆ ಸೇರಂಗಿಲ್ಲ. ಇನ್ ಮ್ಯಾಲೆ ಮಷಿನ್ ಮುಟ್ಟಬ್ಯಾಡ.”

“ಆತ್ರಿ ಅತ್ತಿ,” ಎಂದಳು ಯಮುನಾ.

ಅವಳು ಎದ್ದು ಹಿಂದಿನ ಕೋಣೆಗೆ ಹೋದಳು. ಗೋಡೆಯ ಕಡೆ ಮುಖ ಮಾಡಿ ಕೂತು ಜಂಪರುಗಳಿಗೆ ಹುಕ್ಕು ಹಾಕತೊಡಗಿದಳು. ಆ ಮನೆಯಲ್ಲಿ ಅವಳಿಗೆ ತನ್ನದು ಎನ್ನುವಂಥದ್ದು ಆ ಸ್ಟೂಲೊಂದೇ ಇತ್ತು. ಅದೂ ಹೋಯಿತು. ಸಿಂಪಿಗ ಅಲ್ಲೇ ನಿಂತಿದ್ದ. ಬೇಡ ಎನ್ನಬೇಕು ಎಂದು ಅವನ ನಾಲಗೆಯವರೆಗೆ ಬಂತು. ಸ್ಟೂಲು ಖಾಲಿಯಾದದ್ದನ್ನು ಕಂಡ. ವತ್ಸಲಾ ಎದ್ದು ಹೋದ ದಿನ ಹೇಗಿತ್ತೋ ಹಾಗೆಯೇ ಇತ್ತು. ಸುಮ್ಮನಾದ.

ಮಷಿನ್ ನಿಂತು ಬಹಳ ದಿನವಾಯಿತು. ಗಿರಾಕಿಗಳು ಬೇರೆ ಅಂಗಡಿ ಹುಡುಕಿಕೊಂಡರು. ಕೊನೆಗೆ ಸಿಂಪಿಗ, ತಾಯಿ ಬೇಡವೆಂದರೂ, ಕಂಪ್ಯೂಟರ್ ರಿಪೇರಿಯ ಇಲಿಯಾಸನನ್ನು ಕರೆತಂದ.

ಇಲಿಯಾಸ ಮೊದಲು ನೋಡಿದ್ದು ಲಿಂಬೆಹಣ್ಣನ್ನು. “ಇದನ್ನ ಬಿಚ್ಚಿ ಕೊಡ್ರಿ ಅವ್ವಾರ, ಶರಬತ್ತರ ಮಾಡ್ರಿ, ಬಿಸಲಾಗ ಬಂದೇನಿ,” ಎಂದ. ತಾಯಿ ಸಿಡುಕಿಕೊಂಡು ಒಳಗೆ ಹೋದಳು. ಅವನು ಚಿತ್ರವನ್ನು ಒತ್ತಿದ. ಹಳೆಯದು ಎದ್ದಿತು. ಪಕ್ಕದ್ದನ್ನು ಒತ್ತಿದ. ಹಳೆಯದು ಎದ್ದಿತು. ದೇವರ ಹೆಸರಿನದನ್ನು ಒತ್ತಿ ನಕ್ಕ.

“ಎಲ್ಲಾರೂ ಒಂದ ಮನಿಯವರ ಅದಾರಲ್ರಿ. ಹೊಸದು ಎಲ್ಲೈತಿ?”

“ಹೆಸರು ಹೊಸದ ಬರದೇನಿ,” ಎಂದ ಸಿಂಪಿಗ.

“ಹೆಸರು ಬದಲ ಮಾಡಿದ್ರ ಅದಕ್ಕೇನು ಗೊತ್ತಾಕ್ಕೈತ್ರಿ? ಹೆಸರು ನಾವು ಓದಾಕ ಬರಕೊಂಡಿದ್ದು. ಇದರ ಹೊಟ್ಟ್ಯಾಗ ಒಂದು ವಿಳಾಸ ಇರ್ತೈತಿ. ಯಾರ ಬಾಗಿಲ ಬಡೀಬೇಕು ಅನ್ನೋದು. ನೋಡ್ರಿಲ್ಲೆ.” ಅವನು ಚಿತ್ರದ ಒಳಗನ್ನು ತೆರೆದು ಒಂದು ಸಾಲು ತೋರಿಸಿದ. “ವಿಳಾಸ ಹಳೇದ ಐತಿ. ನೀವು ಏನ ಹೆಸರ ಇಟ್ಟು ಕರದ್ರೂ ಇದು ಹೋಗಿ ಹಳೇಕಿ ಬಾಗಿಲಾನ ಬಡೀತೈತಿ. ಆಕಿನ ಎದ್ದು ಬರ್ತಾಳ.”

“ಬ್ಯಾರೆ ಮಾಡಿ ಇಟ್ಟೆನಲ್ಲ?”

“ಇದನ್ನ ನಕಲ ಮಾಡಿ ಇಟ್ಟೀರಿ. ವಿಳಾಸಾನೂ ನಕಲ ಆತು.”

“ಹಳೇದರಿಂದ ಹೊಸದು ತಗದೆ.”

“ಜಂಪರ ಅಲ್ರಿ ಇದು ಮಾಲಕರ,” ಎಂದ ಇಲಿಯಾಸ.

ಅವನು ಹೊಸ ಪ್ರೋಗ್ರಾಂ ಎಲ್ಲಿದೆ ಎಂದು ಹುಡುಕಿದ. ಅದು ಬಂದ ದಿನದಿಂದ ಒಳಗೇ ಇತ್ತು. ಯಾರೂ ಕರೆದಿರಲಿಲ್ಲ. ಅದರ ವಿಳಾಸವನ್ನು ಪಕ್ಕದ ಚಿತ್ರದ ಒಳಗೆ ಬರೆದ. ಒತ್ತಿದ. ಹೊಸದು ಎದ್ದಿತು. ನವಿಲಿಲ್ಲ, ಏನೂ ಇಲ್ಲ, ಬರೀ ಬಿಳಿ ಹಾಳೆ. ಸಿಂಪಿಗ ಆ ಬಿಳಿಯನ್ನು ನೋಡುತ್ತ ನಿಂತ.

“ಹಳೇದು ಅಳಿಸ್ಲೇನು?” ಎಂದು ಕೇಳಿದ ಇಲಿಯಾಸ. ಸಿಂಪಿಗ ಮೂಲೆಯ ಚಿತ್ರದ ಕಡೆ ನೋಡಿದ. ಅವನ ಮುಖ ನೋಡಿ ಇಲಿಯಾಸ ನಗೆ ನಿಲ್ಲಿಸಿದ. “ಇರ್ಲಿ ಬಿಡ್ರಿ. ಇದ್ರ ಏನೂ ತ್ರಾಸಿಲ್ಲ. ಅದರ ಹೆಸರಿನ್ಯಾಗ ಅದಿರಲಿ, ಇದರ ಹೆಸರಿನ್ಯಾಗ ಇದಿರಲಿ. ನೆನಪಾದಾಗ ಅದನ್ನ ಕರೀರಿ, ಕೆಲಸಕ್ಕ ಇದನ್ನ ಕರೀರಿ. ಒಂದರ ಹೆಸರಿಟ್ಟು ಇನ್ನೊಂದನ್ನ ಕರದ್ರ ಎರಡೂ ಹಾಳು. ಹೆಸರು ಹೇಳ್ರಿ, ಬರದು ಹೋಗ್ತೀನಿ. ಹಳೇದಕ್ಕ ಏನ ಬರೀಲಿ?”

“ವತ್ಸಲಾ,” ಎಂದ ಸಿಂಪಿಗ.

“ಬೋರ್ಡಿನ ಹೆಸರು. ಹೊಸದಕ್ಕ?”

ಸಿಂಪಿಗ ಹಿಂದಿನ ಕೋಣೆಯ ಬಾಗಿಲ ಕಡೆ ನೋಡಿದ. ಗೋಡೆಗೆ ಮುಖ ಮಾಡಿ ಕೂತವಳ ಬೆನ್ನು ಕಾಣುತ್ತಿತ್ತು. ಹೆಗಲಿನ ಹೊಲಿಗೆ ಜಗ್ಗಿ ಬಿರಿಯುವಂತೆ ನಿಂತಿತ್ತು. ಅದನ್ನು ಹೊಲಿದವನು ತಾನೇ. ಎಷ್ಟು ಹಬ್ಬಗಳ ಜಂಪರು ಹಾಗೆ ಹೊಲಿದೆನೋ ಎಂದು ನೆನೆಯಲು ಹೋದ, ಆಗಲಿಲ್ಲ. ಪೇಟೆಯ ಯಾವ ಹೆಂಗಸು ಅಂಥ ಹೆಗಲಿನ ಜಂಪರು ತೊಟ್ಟು ಎದುರಿಗೆ ಬಂದಿದ್ದರೂ ಅವನು ಬಿಚ್ಚಿಸಿ ಬೇರೆ ಹೊಲಿದು ಕೊಡುತ್ತಿದ್ದ. ಇವಳು ದಿನಾ ಎದುರಿಗೆ ಬಂದಿದ್ದಳು. ಅವನು ಬಾಗಿಲಲ್ಲಿ ಬೇರೆಯವಳನ್ನು ಹುಡುಕುತ್ತಿದ್ದ.

ಅವಳ ಹೆಸರು ಬೇಕಾಗಿತ್ತು. ಲಗ್ನಪತ್ರಿಕೆಯಲ್ಲಿ ಓದಿದ್ದ. ನೆನಪಾಗಲಿಲ್ಲ. ಇಲಿಯಾಸ ಕೈ ಕಟ್ಟಿ ಕಾದ. ಬಹಳ ಹೊತ್ತಿನ ಮೇಲೆ ಬಂತು.

“ಯಮುನಾ,” ಎಂದ.

“ಚಲೋ ಹೆಸರು. ಯಾರ್ರಿ ಆಕಿ?” ಎಂದು ಇಲಿಯಾಸ ಬರೆಯುತ್ತಲೇ ಕೇಳಿದ.

ಸಿಂಪಿಗ ಅವನ ಕೂಲಿ ಎಣಿಸಿ ಕೊಟ್ಟ. ಇಲಿಯಾಸ ತನ್ನ ಚೀಲ ಹೆಗಲಿಗೆ ಹಾಕಿಕೊಂಡು ಹೋದ.

ಸಿಂಪಿಗ ಗೋಡೆಗೆ ತೂಗುಹಾಕಿದ್ದ ಟೇಪು ತೆಗೆದುಕೊಂಡ. ಯಾವ ಹೆಂಗಸಿನ ಮೈಗೂ ಅವನು ಅದನ್ನು ಹಿಡಿದಿರಲಿಲ್ಲ. ಕೋಣೆಯ ಬಾಗಿಲಲ್ಲಿ ನಿಂತ. ಕರೆದ.

“ಯಮುನಾ.”

ಅವಳು ತಿರುಗಲಿಲ್ಲ. ಹುಕ್ಕಿಗೆ ದಾರ ಸುತ್ತುತ್ತಿದ್ದಳು. ಅವನು ಇನ್ನೊಮ್ಮೆ ಕರೆದ, ಸ್ವಲ್ಪ ಜೋರಾಗಿ. “ಯಮುನಾ.”

“ಆ ಹೆಸರಿನವರು ಯಾರೂ ಬಟ್ಟಿ ಕೊಟ್ಟಿಲ್ರಿ,” ಎಂದಳು ಅವಳು, ಕೈ ನಿಲ್ಲಿಸದೆ. “ಬಂದು ನಿಂತಾರೇನು ಹೊರಗ? ಅಳತಿ ಜಂಪರ ತಂದಾರೇನು ಕೇಳ್ರಿ.”

ಅವನು ಟೇಪು ಹಿಡಿದೇ ನಿಂತ. “ತಂದಿಲ್ಲ,” ಎಂದ.

“ಅಳತಿದು ಇಲ್ದ ನೀವು ಹೆಂಗ ಹೊಲೀತೀರಿ?” ಎಂದಳು ಅವಳು. ದಾರವನ್ನು ಹಲ್ಲಿನಲ್ಲಿ ಕಡಿದು, ಇನ್ನೊಂದು ಜಂಪರು ತೊಡೆಯ ಮೇಲೆ ಎಳೆದುಕೊಂಡಳು.

ಚಿನ್ನವ್ವ ಅಲ್ಲಿಗೆ ನಿಲ್ಲಿಸಿದಳು. ಮೊರದಲ್ಲಿ ಕಾಯಿ ಮುಗಿದಿದ್ದವು. ವಿರಕ್ತಾನಂದನ ಕೈಯಲ್ಲಿ ಒಂದು ಕಾಯಿ ಮಾತ್ರ ಸುಲಿಯದೆ ಉಳಿದಿತ್ತು.

“ಮುಂದ ಏನಾತು ಅವ್ವಾ?”

“ಮುಂದೇನು? ಕಂಪ್ಯೂಟರ್ ಸರಿ ಆತು.”

“ಆಕಿ?”

ಚಿನ್ನವ್ವ ಸಿಪ್ಪೆಯನ್ನೆಲ್ಲ ಸೆರಗಿಗೆ ತುಂಬಿಕೊಂಡಳು. ಬಿಸಿಲು ಗೇಟಿನಿಂದಲೂ ಇಳಿದು ಹೋಗಿತ್ತು. ಹೊರಗಿನಿಂದ ಯಾವ ದನಿಯೂ ಬಂದಿರಲಿಲ್ಲ. ವಿರಕ್ತಾನಂದನ ಕಣ್ಣು ಆ ಕಡೆಗೇ ಇತ್ತು. ಅವಳು ಮೊಣಕಾಲಿನ ಮೇಲೆ ಕೈಯೂರಿ ಎದ್ದಳು.

“ಕರದ್ರ ಎದ್ದು ಬರಾಂವ ನಿನ್ನೊಳಗ ಇನ್ನೂ ಅದಾನ ತಮ್ಮಾ, ಕರಿಯಾಕಿ ಹೊರಗ ಇನ್ನೂ ಅದಾಳೇನು, ಹೋಗಿ ನೋಡು.”

ವಿರಕ್ತಾನಂದ ಸುಲಿಯದ ಕಾಯಿಯನ್ನು ಮೊರದಲ್ಲಿಟ್ಟು ಎದ್ದ.